ಆಡುಮಾತಿನ ಇಂಗ್ಲಿಷ್: ಪದೇ ಪದೇ ಕೇಳುವ ಪ್ರಶ್ನೆಗಳು

ವ್ಯಾಕರಣ ಗೊತ್ತಿದೆ, ಪತ್ರಿಕೆ ಓದಿದರೆ ಅರ್ಥವಾಗುತ್ತದೆ, ಆದರೆ ಎದುರಿಗಿದ್ದವರು ಸಲೀಸಾಗಿ ಮಾತಾಡತೊಡಗಿದರೆ ತಲೆಬುಡ ತಿಳಿಯುವುದಿಲ್ಲ. ಈ ಹಂತದಲ್ಲಿ ನಿಂತವರಿಗಾಗಿ ಈ ಪುಟ. ಇಂಗ್ಲಿಷ್ ಮಾತುಗಳನ್ನು ಕನ್ನಡ ಲಿಪಿಯಲ್ಲೇ, ಆದಷ್ಟು ಕಿವಿಗೆ ಬೀಳುವ ಹಾಗೆ ಕೊಟ್ಟಿದ್ದೇವೆ. ಅವನ್ನು ಬಾಯಿಬಿಟ್ಟು ಓದಿಕೊಳ್ಳಿ.

ದಿನಬಳಕೆಯ ಮಾತಿಗೆ ಎಷ್ಟು ಪದ ಬೇಕು?

ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಪದಗಳನ್ನು ಕುಟುಂಬದ ಲೆಕ್ಕದಲ್ಲಿ ಎಣಿಸುವುದು ರೂಢಿ. ಯೂಸ್, ಯೂಸ್‌ಫುಲ್, ಯೂಸ್‌ಲೆಸ್, ಯೂಸರ್ ಎಲ್ಲ ಸೇರಿ ಒಂದೇ ಕುಟುಂಬ. 1953ರಲ್ಲಿ ಮೈಕೆಲ್ ವೆಸ್ಟ್ ಪ್ರಕಟಿಸಿದ ಹೆಚ್ಚು ಬಳಕೆಯ ಪದಗಳ ಪ್ರಸಿದ್ಧ ಪಟ್ಟಿಯಲ್ಲಿ ಇದ್ದದ್ದು ಸುಮಾರು 2000 ಪದ. ಸುಮಾರು 3000 ಕುಟುಂಬಗಳು ಗೊತ್ತಿದ್ದರೆ ಸಾಮಾನ್ಯ ಸಂಭಾಷಣೆಯಲ್ಲಿ ನೂರಕ್ಕೆ 95 ಪದಗಳು ಪರಿಚಿತವೇ ಆಗಿರುತ್ತವೆ. ಅದನ್ನು 98ಕ್ಕೆ ಏರಿಸಬೇಕಾದರೆ 6000ದಿಂದ 7000 ಕುಟುಂಬ ಬೇಕು ಎಂದು ಭಾಷಾತಜ್ಞ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದ್ದಾರೆ. ಕೊನೆಯ ಮೂರು ಪದಕ್ಕಾಗಿ ಮೊದಲಿನಷ್ಟೇ ದುಡಿಮೆ ಇನ್ನೊಮ್ಮೆ!

ಮೊದಲ 2000 ಪದಗಳ ಪಟ್ಟಿ ತೆಗೆದು ನೋಡಿದರೆ ನಿಮಗೆ ಬೇಸರವಾದೀತು. ಗೆಟ್, ಪುಟ್, ಟೇಕ್, ಅಪ್, ಆಫ್, ಔಟ್... ಇವೆಲ್ಲ ಶಾಲೆಯಲ್ಲೇ ಬಂದುಹೋದವು. ತೊಡಕು ಇರುವುದು ಇವು ಜೊತೆಗೂಡಿದಾಗ.

ಒಂದೊಂದು ಪದವೂ ಗೊತ್ತು, ಆದರೂ ವಾಕ್ಯ ಅರ್ಥವಾಗುವುದಿಲ್ಲ. ಯಾಕೆ?

ಕನ್ನಡ ಕಲಿಯುತ್ತಿರುವ ಒಬ್ಬರನ್ನು ನೆನೆಸಿಕೊಳ್ಳಿ. ಅವರಿಗೆ "ಕೈ" ಗೊತ್ತು, "ಕೊಡು" ಗೊತ್ತು. "ಅವನು ಕೈಕೊಟ್ಟ" ಅಂದರೆ ಕೈಕುಲುಕಿದ ಅಂತಲೇ ತಿಳಿಯುತ್ತಾರೆ. ಕೈಬಿಡು, ಕೈಹಾಕು, ಕೈಮೀರು ಇವುಗಳಲ್ಲೂ ಅದೇ ಗತಿ. ನಿಮಗೆ ಇಂಗ್ಲಿಷಿನಲ್ಲಿ ಆಗುತ್ತಿರುವುದೂ ಇದೇ. "ಹಿ ಲೆಟ್ ಮಿ ಡೌನ್" ಅಂದರೆ ಕೆಳಗಿಳಿಸಿದ ಅಂತಲ್ಲ, ಕೈಕೊಟ್ಟ ಅಂತ.

"ಪುಟ್" ಒಂದನ್ನೇ ನೋಡಿ. "ಪುಟ್ ಆನ್" ಅಂದರೆ ತೊಟ್ಟುಕೊಳ್ಳುವುದು. "ಪುಟ್ ಅವೇ" ಅಂದರೆ ಎತ್ತಿಡುವುದು. "ಪುಟ್ ಆಫ್" ಮುಂದಕ್ಕೆ ಹಾಕುವುದು. "ಪುಟ್ ಅಪ್ ವಿತ್" ಸಹಿಸಿಕೊಳ್ಳುವುದು. "ಪುಟ್ ಡೌನ್" ಕೆಳಗಿಡುವುದೂ ಹೌದು, ನಾಲ್ಕು ಜನರ ಮುಂದೆ ಒಬ್ಬರನ್ನು ಹೀಗಳೆಯುವುದೂ ಹೌದು. ಪುಸ್ತಕದ ಇಂಗ್ಲಿಷಿನಲ್ಲಿ "ಪೋಸ್ಟ್‌ಪೋನ್", "ಟಾಲರೇಟ್" ಎಂದು ಓದಿದವರಿಗೆ ಮಾತಿನಲ್ಲಿ ಸಿಗುವುದು "ಪುಟ್ ಆಫ್", "ಪುಟ್ ಅಪ್ ವಿತ್". ದೊಡ್ಡ ಪದ ಗೊತ್ತಿದ್ದು ಚಿಕ್ಕ ಪದ ತಿಳಿಯದ ವಿಚಿತ್ರ ಪರಿಸ್ಥಿತಿ ಇದು.

ಇಂಥ ಜೋಡಿ ಕ್ರಿಯಾಪದಗಳನ್ನು ಕಲಿಯುವುದು ಹೇಗೆ?

ಮೇಲೆ "ಪುಟ್" ಬಗ್ಗೆ ಮಾಡಿದ ಹಾಗೆ ಒಂದೇ ಕ್ರಿಯಾಪದದ ಐದು ರೂಪಗಳನ್ನು ಒಟ್ಟಿಗೆ ಉರುಹೊಡೆಯಬೇಡಿ. ತೋರಿಸುವುದಕ್ಕೆ ಅದು ಚಂದ, ಕಲಿಯುವುದಕ್ಕೆ ಕೆಟ್ಟದ್ದು. ಒಂದೇ ಬಗೆಯವನ್ನು ಒಂದೇ ದಿನ ಕಲಿತರೆ ತಲೆಯಲ್ಲಿ ಒಂದಕ್ಕೊಂದು ಕಲಸಿಕೊಳ್ಳುತ್ತವೆ. "ಟರ್ನ್ ಅಪ್", "ಟರ್ನ್ ಡೌನ್", "ಟರ್ನ್ ಇನ್" ಮೂರನ್ನೂ ಇವತ್ತೇ ಕಲಿತರೆ, ಯಾವುದು ತಿರಸ್ಕರಿಸುವುದು, ಯಾವುದು ಹಾಜರಾಗುವುದು ಎಂದು ಮುಂದಿನ ವಾರ ತಡಬಡಿಸುತ್ತೀರಿ. ಸಂದರ್ಭದ ಪ್ರಕಾರ ಗುಂಪು ಮಾಡಿ. ಫೋನಿನ ಮಾತಾದರೆ "ಹ್ಯಾಂಗ್ ಆನ್", ಸ್ವಲ್ಪ ಇರಿ. "ಹ್ಯಾಂಗ್ ಅಪ್", ಫೋನ್ ಇಡುವುದು. "ಗೆಟ್ ಥ್ರೂ", ಲೈನ್ ಸಿಗುವುದು. "ಕಟ್ ಆಫ್", ನಡುವೆಯೇ ಕಡಿದುಹೋಗುವುದು. "ಕಾಲ್ ಬ್ಯಾಕ್", ತಿರುಗಿ ಮಾಡುವುದು. ಹ್ಯಾಂಗ್ ಆನ್, ಹ್ಯಾಂಗ್ ಅಪ್ ಎರಡನ್ನು ಮಾತ್ರ ಬೇರೆ ಬೇರೆ ದಿನ ಕಲಿಯಿರಿ.

ಎರಡು ನಿಯಮ ತಿಳಿದಿರಲಿ. ಒಂದು, "ಇಟ್", "ಹಿಮ್", "ದೆಮ್" ಬಂದಾಗ ಅದು ನಡುವೆ ಕೂರುತ್ತದೆ. "ಟರ್ನ್ ಡೌನ್ ದ ಆಫರ್" ಸರಿ, "ಟರ್ನ್ ದ ಆಫರ್ ಡೌನ್" ಕೂಡ ಸರಿ, ಆದರೆ "ಟರ್ನ್ ಡೌನ್ ಇಟ್" ತಪ್ಪು. "ಟರ್ನ್ ಇಟ್ ಡೌನ್" ಎನ್ನಬೇಕು. ಬಿಡಿಸಲು ಬಾರದವೂ ಇವೆ: "ಲುಕ್ ಆಫ್ಟರ್ ಹಿಮ್" ಎಂದೇ ಅನ್ನಬೇಕು, "ಲುಕ್ ಹಿಮ್ ಆಫ್ಟರ್" ಅನ್ನಲಾಗದು. ಎರಡನೆಯದು ಒತ್ತು. ಬಿಡಿಸಲು ಬರುವ ಜೋಡಿಗಳಲ್ಲಿ ಒತ್ತು ಎರಡನೆಯ ಪದದ ಮೇಲೆ ಬೀಳುತ್ತದೆ. "ಗಿವ್ ಇಟ್ ಅಪ್" ಎನ್ನುವಾಗ ಜೋರಾಗಿ ಕೇಳುವುದು "ಅಪ್". ನಾವು ರೂಢಿಯಂತೆ ಮೊದಲ ಪದಕ್ಕೆ ಒತ್ತು ಕೊಡುತ್ತೇವೆ, ಕೇಳುವವರಿಗೆ ಕ್ಷಣಕಾಲ ಗೊಂದಲವಾಗುತ್ತದೆ.

ಮೊದಲು ಯಾವುವು? ಫೈಂಡ್ ಔಟ್, ಫಿಗರ್ ಔಟ್, ಗಿವ್ ಅಪ್, ಪುಟ್ ಆಫ್, ಕಾಲ್ ಆಫ್, ಶೋ ಅಪ್, ರನ್ ಔಟ್ ಆಫ್, ಲುಕ್ ಆಫ್ಟರ್, ಗೆಟ್ ಅಲಾಂಗ್ ವಿತ್, ಪಿಕ್ ಅಪ್, ಡ್ರಾಪ್ ಆಫ್, ಎಂಡ್ ಅಪ್, ಸಾರ್ಟ್ ಔಟ್, ಕ್ಯಾಚ್ ಅಪ್. ಈ ಹದಿನಾಲ್ಕು ಬಾಯಿಗೆ ಬಂದರೆ ಒಳ್ಳೆಯ ಆರಂಭ. ಅದರಲ್ಲೂ "ಎಂಡ್ ಅಪ್" ಚಿನ್ನದಂಥದ್ದು. "ಬೇಡ ಬೇಡ ಅಂತಲೇ ಕೊನೆಗೆ ತಗೊಂಡೆ" ಎನ್ನುವ ಆ "ಕೊನೆಗೆ" ಇದರಲ್ಲಿದೆ: "ಐ ಎಂಡೆಡ್ ಅಪ್ ಬೈಯಿಂಗ್ ಇಟ್".

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತಿರುಗಿಸುವುದು ತಪ್ಪೇ?

ಯೋಚಿಸುವುದು ತಪ್ಪಲ್ಲ, ಪದಕ್ಕೆ ಪದ ಇಡುವುದು ತಪ್ಪು. "ಬಿಡು" ಎಂಬ ಒಂದೇ ಪದ ಎಷ್ಟು ಕಡೆ ಹಂಚಿಹೋಗುತ್ತದೆ ನೋಡಿ. ನನ್ನನ್ನು ಸ್ಟೇಷನ್ನಿಗೆ ಬಿಡು: "ಡ್ರಾಪ್ ಮಿ ಆಫ್ ಅಟ್ ದ ಸ್ಟೇಷನ್". ಸಿಗರೇಟ್ ಬಿಟ್ಟ: "ಹಿ ಕ್ವಿಟ್ ಸ್ಮೋಕಿಂಗ್". ಒಳಗೆ ಬಿಟ್ಟರು: "ದೇ ಲೆಟ್ ಅಸ್ ಇನ್". ಕೈ ಬಿಡು, ನೋಯುತ್ತೆ: "ಲೆಟ್ ಗೋ". ಬಸ್ ಎಷ್ಟಕ್ಕೆ ಬಿಡುತ್ತೆ: "ವೆನ್ ಡಸ್ ದ ಬಸ್ ಲೀವ್". ಹೋಗಲಿ ಬಿಡು: "ನೆವರ್ ಮೈಂಡ್". ಇವನ್ನೆಲ್ಲ "ಲೀವ್" ಎಂದೇ ಹೇಳಿದರೆ "ಲೀವ್ ಮಿ ಅಟ್ ದ ಸ್ಟೇಷನ್" ಎಂಬಲ್ಲಿ ನಿಮ್ಮನ್ನು ಅಲ್ಲೇ ತೊರೆದು ಹೋಗಿ ಎಂದಂತೆ ಕೇಳುತ್ತದೆ.

"ಮಾಡು" ಕೂಡ ಇಂಥದ್ದೇ. ತಪ್ಪು, ನಿರ್ಧಾರ, ಸದ್ದು, ಸ್ನೇಹಿತರು ಇವಕ್ಕೆ "ಮೇಕ್". ಹೋಮ್‌ವರ್ಕ್, ಪಾತ್ರೆ, ಬಟ್ಟೆ, ಉಪಕಾರ ಇವಕ್ಕೆ "ಡೂ". ವಿಶ್ರಾಂತಿಗೆ "ಟೇಕ್" ಅಥವಾ "ಹ್ಯಾವ್", ಫೋಟೋಕ್ಕೆ "ಟೇಕ್". ಇದಕ್ಕೆ ತರ್ಕ ಹುಡುಕಿ ಸಮಯ ಕಳೆಯಬೇಡಿ, ಜೋಡಿಯಾಗಿಯೇ ಕಲಿಯಿರಿ. ಮಳೆ "ಹೆವಿ", ಗಾಳಿ "ಸ್ಟ್ರಾಂಗ್". ಯಾಕೆ ಎಂದು ಇಂಗ್ಲಿಷಿನವರನ್ನೇ ಕೇಳಿದರೂ ಭುಜ ಕುಣಿಸುತ್ತಾರೆ.

ನಾವು ಕನ್ನಡದಲ್ಲಿ ಬಳಸುವ ಇಂಗ್ಲಿಷ್ ಪದಗಳನ್ನೇ ಇಂಗ್ಲಿಷಿನಲ್ಲಿ ಬಳಸಬಹುದಲ್ಲ?

ಬಹುಪಾಲು ಬಳಸಬಹುದು. ಆದರೆ ಕೆಲವು ಪದಗಳು ಕನ್ನಡಕ್ಕೆ ಬಂದ ಮೇಲೆ ಅರ್ಥ ಬದಲಿಸಿಕೊಂಡಿವೆ.

"ಡೌಟ್" ಅಂದರೆ ನಮಗೆ ಕೇಳಬೇಕಾದ ಪ್ರಶ್ನೆ, ಇಂಗ್ಲಿಷಿನವರಿಗೆ ಅಪನಂಬಿಕೆ. "ಐ ಹ್ಯಾವ್ ಎ ಡೌಟ್" ಅಂದರೆ ನೀವು ಹೇಳಿದ್ದನ್ನು ನಾನು ನಂಬುತ್ತಿಲ್ಲ ಎಂಬ ಧ್ವನಿ ಬಂದುಬಿಡಬಹುದು. "ಐ ಹ್ಯಾವ್ ಎ ಕ್ವೆಶ್ಚನ್" ಅನ್ನಿ. "ತುಂಬಾ ಫೀಲ್ ಆದ" ಎನ್ನುವುದನ್ನು "ಹಿ ಫೆಲ್ಟ್" ಎಂದರೆ ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. "ಹಿ ವಾಸ್ ಹರ್ಟ್" ಅಥವಾ "ಅಪ್‌ಸೆಟ್" ಬೇಕು. "ಟೆನ್ಷನ್ ತಗೋಬೇಡಿ" ಎಂಬುದಕ್ಕೆ "ಡೋಂಟ್ ವರಿ", "ನನಗೆ ಟೆನ್ಷನ್" ಎಂಬುದಕ್ಕೆ "ಐಯಾಮ್ ಸ್ಟ್ರೆಸ್ಡ್". "ಬೋರ್" ವಿಷಯದಲ್ಲಿ ಬಾಲವೇ ಅರ್ಥ: "ಐಯಾಮ್ ಬೋರ್ಡ್" ಅಂದರೆ ನನಗೆ ಬೇಸರ, "ಐಯಾಮ್ ಬೋರಿಂಗ್" ಅಂದರೆ ನನ್ನ ಜೊತೆ ಕೂತವರಿಗೆ ಬೇಸರ. "ಅವರು ಸೀರಿಯಸ್ ಆಗಿದ್ದಾರೆ" ಎಂದು ರೋಗಿಯ ಬಗ್ಗೆ ಹೇಳುತ್ತೇವೆ. "ಹಿ ಈಸ್ ಸೀರಿಯಸ್" ಎಂದರೆ ಅವರು ತಮಾಷೆ ಮಾಡುತ್ತಿಲ್ಲ ಎಂದರ್ಥ. ಹೇಳಬೇಕಾದದ್ದು "ಹಿ ಈಸ್ ಇನ್ ಎ ಸೀರಿಯಸ್ ಕಂಡಿಷನ್". ಇನ್ನು "ಪಾಸ್ ಔಟ್". ಕಾಲೇಜು ಮುಗಿಸಿದೆ ಎನ್ನಲು ಹೊರಟು ಹೊರದೇಶದವರ ಮುಂದೆ "ಐ ಪಾಸ್ಡ್ ಔಟ್" ಎಂದರೆ ಪ್ರಜ್ಞೆ ತಪ್ಪಿ ಬಿದ್ದೆ ಎಂದು ಕೇಳಿಸುತ್ತದೆ. "ಗ್ರ್ಯಾಜುಯೇಟೆಡ್" ಸಾಕು.

"ಅಂತೆ", "ಒಂಥರಾ", "ಸುಮ್ನೆ" ಇಂಥವಕ್ಕೆ ಇಂಗ್ಲಿಷಿನಲ್ಲಿ ಏನು?

ಇಡೀ ಪುಟದಲ್ಲಿ ನಮಗೆ ಅತಿ ಇಷ್ಟದ ಪ್ರಶ್ನೆ ಇದು. ಮಾತು ಸಹಜವಾಗಿ ಕೇಳುವುದು ಇಂಥ ಪುಡಿ ಮಾತುಗಳಿಂದ. ನೀವು ದಿನವೂ ಕನ್ನಡದಲ್ಲಿ ಬಳಸುವ ಇಂಥ ಇಪ್ಪತ್ತು ಮಾತುಗಳ ಪಟ್ಟಿ ಮಾಡಿಕೊಂಡು, ಒಂದೊಂದಕ್ಕೂ ಅದೇ ಕೆಲಸ ಮಾಡುವ ಇಂಗ್ಲಿಷ್ ಮಾತು ಹುಡುಕಿ. ಸಿದ್ಧ ನುಡಿಗಟ್ಟುಗಳ ಪುಸ್ತಕಕ್ಕಿಂತ ಇದು ಹತ್ತುಪಟ್ಟು ಉಪಯೋಗಕ್ಕೆ ಬರುತ್ತದೆ.

"ಅಂತೆ" ಎಂಬುದಕ್ಕೆ ನಾವೆಲ್ಲ ವಾಕ್ಯದ ಕೊನೆಗೆ "ಇಟ್ ಸೀಮ್ಸ್" ಅಂಟಿಸುತ್ತೇವೆ: "ಹಿ ಲೆಫ್ಟ್ ದ ಜಾಬ್, ಇಟ್ ಸೀಮ್ಸ್". ಕೇಳುವವರಿಗೆ ಅದು ನಿಮ್ಮ ಊಹೆ ಅನಿಸುತ್ತದೆ. ಬೇರೆಯವರಿಂದ ಕೇಳಿದ್ದು ಎಂದು ತಿಳಿಸಲು "ಅಪ್ಯಾರಂಟ್ಲಿ" ಎಂದು ಮುಂದೆ ಇಡಿ: "ಅಪ್ಯಾರಂಟ್ಲಿ, ಹಿ ಕ್ವಿಟ್". ಅಥವಾ "ಐ ಹರ್ಡ್ ಹಿ ಕ್ವಿಟ್".

"ಒಂಥರಾ" ಅಂದರೆ "ಕೈಂಡಾ" ಅಥವಾ "ಸಾರ್ಟ್ ಆಫ್": "ಇಟ್ಸ್ ಕೈಂಡಾ ವಿಯರ್ಡ್". "ಅಂದ್ರೆ..." ಎಂದು ತಿದ್ದಿಕೊಳ್ಳುವಾಗ "ಐ ಮೀನ್". "ಅಂದಹಾಗೆ" ಎನ್ನುವಲ್ಲಿ "ಬೈ ದ ವೇ". "ಪಾಪ" ಎನ್ನಲು "ಪೂರ್ ಥಿಂಗ್". "ನೋಡೋಣ" ಎಂಬುದಕ್ಕೆ "ವೀಲ್ ಸೀ". ಅಲ್ಲೂ ಅದು ಬಹುತೇಕ ಇಲ್ಲ ಎಂದೇ. "ಯಾಕೆ ಕೇಳಿದ್ರಿ?" "ಸುಮ್ನೆ" ಎಂಬಲ್ಲಿ "ನೋ ರೀಸನ್". ಆದರೆ "ಸುಮ್ನೆ ತಮಾಷೆಗೆ ಹೇಳಿದೆ" ಎಂಬಲ್ಲಿ "ಐಯಾಮ್ ಜಸ್ಟ್ ಕಿಡಿಂಗ್". "ಬರ್ತೀನಿ" ಎಂದು ಎದ್ದು ಹೊರಡುವಾಗ "ಐ ಶುಡ್ ಗೆಟ್ ಗೋಯಿಂಗ್" ಎಂದು, ಬಾಗಿಲಲ್ಲಿ "ಸೀ ಯೂ". "ಐ ವಿಲ್ ಗೋ ಅಂಡ್ ಕಮ್" ಎಂದರೆ ಅವರು ನಿಮಗಾಗಿ ಕಾಯುತ್ತಾ ಕೂರುತ್ತಾರೆ.

"ಹೌದಾ?" ಎಂಬುದಕ್ಕೆ ನಮ್ಮಲ್ಲಿ ಎಲ್ಲದಕ್ಕೂ "ಈಸ್ ಇಟ್?" ಚಲಾವಣೆಯಲ್ಲಿದೆ. ಇಂಗ್ಲಿಷಿನಲ್ಲಿ ಎದುರಿನವರ ಕ್ರಿಯಾಪದವನ್ನೇ ಹಿಡಿದು ಮರಳಿಸಬೇಕು. "ಶಿ ಮೂವ್ಡ್ ಟು ಕೆನಡಾ" ಎಂದರೆ "ಡಿಡ್ ಶಿ?" "ಹಿ ಕ್ಯಾನ್ ಡ್ರೈವ್" ಎಂದರೆ "ಕ್ಯಾನ್ ಹಿ?" ಅಷ್ಟು ಚುರುಕಾಗಿ ಹೊಳೆಯದಿದ್ದರೆ "ರಿಯಲಿ?" ಎಲ್ಲ ಕಡೆಗೂ ಸಲ್ಲುತ್ತದೆ. "ಅಲ್ವಾ?" ಎಂಬುದಕ್ಕೂ ಹಾಗೇ: ಸರಿಯಾದ ಬಾಲ ಸಿಗದಾಗ "ರೈಟ್?" ಎಂದರೆ ಸಾಕು.

ಇನ್ನೊಂದು, ಕನ್ನಡದ ಒತ್ತಿನ "ಏ". "ನಿನ್ನೆನೇ ಹೇಳಿದೆ" ಎಂಬುದನ್ನು "ಐ ಟೋಲ್ಡ್ ಯೆಸ್ಟರ್ಡೇ ಓನ್ಲಿ" ಎಂದು ಮಾಡುತ್ತೇವೆ. ಇಂಗ್ಲಿಷಿನಲ್ಲಿ ಆ ಕೆಲಸ ದನಿಯದ್ದು. "ಐ ಟೋಲ್ಡ್ ಯೂ ಯೆಸ್ಟರ್ಡೇ" ಎನ್ನುತ್ತಾ ಯೆಸ್ಟರ್ಡೇ ಮೇಲೆ ದನಿ ಏರಿಸಿದರೆ ಮುಗಿಯಿತು. "ಟೋಲ್ಡ್" ಆದಮೇಲೆ ಯಾರಿಗೆ ಎಂಬುದು ಬರಲೇಬೇಕು, ಅದನ್ನೂ ಮರೆಯುತ್ತೇವೆ.

ಅವರು ಅಷ್ಟು ವೇಗವಾಗಿ ಮಾತಾಡುವುದೇಕೆ?

ವೇಗಕ್ಕಿಂತ ನುಂಗುವುದು ಹೆಚ್ಚು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ತೂಕ ಉಂಟು. ಇಂಗ್ಲಿಷಿನಲ್ಲಿ ಮುಖ್ಯ ಪದ ಎದ್ದು ನಿಲ್ಲುತ್ತದೆ, ಚಿಲ್ಲರೆ ಪದಗಳು ಅದರ ಸಂದಿಯಲ್ಲಿ ಮುದುಡಿಕೊಳ್ಳುತ್ತವೆ. "ವಾಟ್ ಆರ್ ಯೂ ಗೋಯಿಂಗ್ ಟು ಡೂ" ಎಂಬುದು ಬಾಯಲ್ಲಿ "ವಾಡರ್ಯ ಗನ ಡೂ" ಆಗುತ್ತದೆ. "ಪಿಕ್ ಇಟ್ ಅಪ್" ಹೋಗಿ "ಪಿಕಿಟಪ್". ನಮ್ಮ "ಏನು ಮಾಡುತ್ತಾ ಇದ್ದೀಯಾ" ಹೋಗಿ "ಏನ್ಮಾಡ್ತಿದೀಯ" ಆದ ಹಾಗೆಯೇ.

"ಕ್ಯಾನ್" ಮತ್ತು "ಕ್ಯಾಂಟ್" ಇಲ್ಲಿ ದೊಡ್ಡ ಬಲೆ. ಅಮೆರಿಕನ್ ಮಾತಿನಲ್ಲಿ "ಕ್ಯಾಂಟ್" ಕೊನೆಯ ಟಕಾರ ಸರಿಯಾಗಿ ಕೇಳುವುದೇ ಇಲ್ಲ. ವ್ಯತ್ಯಾಸ ಇರುವುದು ಸ್ವರದಲ್ಲಿ. "ಆಗುತ್ತೆ" ಎನ್ನುವಾಗ ಅದು ಸಣ್ಣದಾಗಿ "ಕನ್": "ಐ ಕನ್ ಗೋ", ಒತ್ತು "ಗೋ" ಮೇಲೆ. "ಆಗಲ್ಲ" ಎನ್ನುವಾಗ "ಕ್ಯಾನ್" ತುಂಬಿಕೊಂಡು ಬರುತ್ತದೆ. ನಾವು ಸ್ಪಷ್ಟವಾಗಿರಲಿ ಎಂದು "ಐ ಕ್ಯಾನ್ ಗೋ" ಎಂದು ಒತ್ತಿ ಹೇಳಿದರೆ ಅವರಿಗೆ ಬರಲ್ಲ ಎಂದೇ ಕೇಳಿಸಬಹುದು.

"ಗನ" (ಗೋಯಿಂಗ್ ಟು), "ವಾನ" (ವಾಂಟ್ ಟು) ನೀವೂ ಬಳಸಬಹುದು, ಆದರೆ ನಿಯಮವಿದೆ. "ಗನ" ಮುಂದೆ ಕ್ರಿಯಾಪದವೇ ಬರಬೇಕು: "ಐಯಾಮ್ ಗನ ಕಾಲ್ ಹಿಮ್" ಸರಿ, "ಐಯಾಮ್ ಗನ ಆಫೀಸ್" ತಪ್ಪು. "ಹಿ", "ಶಿ" ಜೊತೆ "ವಾನ" ನಿಲ್ಲುವುದಿಲ್ಲ. "ಹಿ ವಾಂಟ್ಸ್ ಟು" ಎನ್ನಬೇಕು. ಕಚೇರಿಯ ಮೇಲ್‌ನಲ್ಲಿ ಇವನ್ನು ಬರೆಯಬೇಡಿ.

ಹೇಳಿದ್ದಕ್ಕೂ ಅರ್ಥಕ್ಕೂ ಸಂಬಂಧವೇ ಇಲ್ಲದ ಮಾತುಗಳಿವೆಯಂತೆ?

ಇವೆ, ಮತ್ತು ಮುಜುಗರ ತರುವುದು ಇವೇ. ಇನ್ನಷ್ಟು ಬಡಿಸಲಾ ಎಂದು ಕೇಳಿದಾಗ "ಐಯಾಮ್ ಗುಡ್" ಎಂದರೆ ಸಾಕು, ಬೇಡ ಎಂದು. "ಟೆಲ್ ಮಿ ಅಬೌಟ್ ಇಟ್" ಎಂದು ನಿಟ್ಟುಸಿರಿಟ್ಟರೆ ವಿವರ ಹೇಳಲು ಶುರುಮಾಡಬೇಡಿ. "ನನಗೂ ಅದೇ ಅನುಭವ, ಗೊತ್ತಿಲ್ವಾ" ಎಂದು ಅದರರ್ಥ. "ಯೂ ಕ್ಯಾನ್ ಸೇ ದಟ್ ಅಗೆನ್" ಎಂದರೆ ನೂರಕ್ಕೆ ನೂರು ನಿಜ ಎಂದು, ಇನ್ನೊಮ್ಮೆ ಹೇಳಿ ಎಂದಲ್ಲ. "ನಾಟ್ ಬ್ಯಾಡ್" ಹೊಗಳಿಕೆ. ಗೆಳೆಯರ ನಡುವೆ ಅಚ್ಚರಿಯಿಂದ "ಶಟ್ ಅಪ್!" ಎಂದರೆ "ಸುಳ್ಳು ಹೇಳಬೇಡ ಕಣೋ" ಎನ್ನುವ ಧಾಟಿ. "ವಾಟ್ಸ್ ಅಪ್?" ಎಂದವರಿಗೆ ದಿನಚರಿ ಒಪ್ಪಿಸಬೇಕಿಲ್ಲ, "ನಾಟ್ ಮಚ್, ಯೂ?" ಎಂದರೆ ಆಯಿತು. ಬ್ರಿಟನ್ನಿನಲ್ಲಿ "ಯೂ ಆಲ್‌ರೈಟ್?" ಎಂಬುದು ಬರೀ ನಮಸ್ಕಾರ, ನನ್ನ ಮುಖ ಬಾಡಿದೆಯಾ ಎಂದು ಗಾಬರಿಯಾಗಬೇಡಿ.

"ಯೆಸ್", "ನೋ" ಹೇಳುವಾಗ ಎಡವಟ್ಟಾಗುತ್ತದೆ. ಹೇಗೆ ಸರಿಪಡಿಸುವುದು?

"ಫೋನ್ ಮಾಡಲಿಲ್ವಾ?" ಎಂದರೆ ನಾವು "ಹೂಂ, ಮಾಡಲಿಲ್ಲ" ಎನ್ನುತ್ತೇವೆ. ಕೇಳಿದವರ ಊಹೆಗೆ ಹೂಂಗುಟ್ಟುತ್ತೇವೆ. ಇಂಗ್ಲಿಷಿನಲ್ಲಿ ಊಹೆಯನ್ನು ಲೆಕ್ಕಕ್ಕಿಡುವುದಿಲ್ಲ, ನಡೆದದ್ದಕ್ಕೆ ಮಾತ್ರ ಉತ್ತರ. "ಡಿಡಂಟ್ ಯೂ ಕಾಲ್ ಹಿಮ್?" ಮಾಡಿದ್ದರೆ "ಯೆಸ್, ಐ ಡಿಡ್", ಇಲ್ಲದಿದ್ದರೆ "ನೋ, ಐ ಡಿಡಂಟ್". ಬರೀ "ಯೆಸ್" ಎಂದು ನಿಲ್ಲಿಸಿದರೆ ಮಾಡಿದ್ದೀರಿ ಎಂದೇ ನಂಬುತ್ತಾರೆ. ಹಾಗಾಗಿ ಬಾಲ ಸೇರಿಸಿಯೇ ಹೇಳುವ ಅಭ್ಯಾಸ ಇಟ್ಟುಕೊಳ್ಳಿ.

"ಡು ಯೂ ಮೈಂಡ್ ಇಫ್ ಐ ಸಿಟ್ ಹಿಯರ್?" ಇನ್ನೊಂದು ಗುಂಡಿ. ಇಲ್ಲಿ ಕೂತರೆ ನಿಮಗೆ ತೊಂದರೆಯಾ ಎಂಬ ಪ್ರಶ್ನೆ ಅದು. "ಯೆಸ್" ಎಂದರೆ ಎದ್ದು ಹೋಗಿ ಎಂದ ಹಾಗೆ! "ನಾಟ್ ಅಟ್ ಆಲ್, ಗೋ ಅಹೆಡ್".

ನಾನು ಮರ್ಯಾದೆಯಿಂದಲೇ ಮಾತಾಡಿದರೂ ಒರಟು ಎನಿಸುತ್ತದಂತೆ. ಯಾಕೆ?

ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ತುದಿಯಲ್ಲೇ ಇದೆ. "ಕೊಡಿ" ಎಂದಾಕ್ಷಣ ಗೌರವ ಬಂತು. ಇಂಗ್ಲಿಷಿನಲ್ಲಿ "ಗಿವ್" ಒಂದೇ. "ಕೊಡು", "ಕೊಡಿ" ಎರಡಕ್ಕೂ ಅದೇ. ಅದಕ್ಕೇ ಅವರು ಆಜ್ಞೆಯನ್ನು ಪ್ರಶ್ನೆಯಾಗಿ ತಿರುಗಿಸುತ್ತಾರೆ: "ಕುಡ್ ಯೂ ಪಾಸ್ ದ ವಾಟರ್?" "ಪ್ಲೀಸ್" ಸೇರಿಸಿದ ಮಾತ್ರಕ್ಕೆ ಆಜ್ಞೆ ಮೆದುವಾಗುವುದಿಲ್ಲ, "ಪ್ಲೀಸ್ ಸೆಂಡ್ ಮಿ ದ ಫೈಲ್" ಎಂಬುದರಲ್ಲೂ ಮೇಲಧಿಕಾರಿಯ ದನಿ ಉಳಿಯುತ್ತದೆ. "ಐ ವಾಂಟ್" ಬದಲು "ಐಡ್ ಲೈಕ್". "ವುಡ್ ಯೂ ಮೈಂಡ್" ಬಂದರೆ ಮುಂದಿನ ಕ್ರಿಯಾಪದಕ್ಕೆ "ಇಂಗ್" ಕಡ್ಡಾಯ: "ವುಡ್ ಯೂ ಮೈಂಡ್ ವೇಟಿಂಗ್?" "ಜಸ್ಟ್" ಎಂಬ ಪುಟ್ಟ ಪದ "ಸ್ವಲ್ಪ" ಮಾಡುವ ಕೆಲಸವನ್ನೇ ಮಾಡುತ್ತದೆ: "ಕುಡ್ ಐ ಜಸ್ಟ್ ಆಸ್ಕ್ ಸಮ್‌ಥಿಂಗ್?" ಅಂದರೆ ಸ್ವಲ್ಪ ಏನೋ ಕೇಳಬಹುದಾ.

ನುಡಿಗಟ್ಟುಗಳನ್ನು ಎಷ್ಟು ಕಲಿಯಬೇಕು?

ಕೊನೆಗೆ ಕಲಿಯಿರಿ. "ಇಟ್ಸ್ ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್" ಎಂಬ ಬೆಕ್ಕು ನಾಯಿ ಸುರಿಯುವ ಮಳೆಯನ್ನು ಪಠ್ಯಪುಸ್ತಕಗಳು ಬಿಟ್ಟರೆ ಮಾತಾಡುವವರು ಅಷ್ಟಾಗಿ ಬಳಸುವುದಿಲ್ಲ. "ಇಟ್ಸ್ ಪೋರಿಂಗ್" ಎನ್ನುತ್ತಾರೆ. ನುಡಿಗಟ್ಟಿನಲ್ಲಿ ಒಂದು ಪದ ತಪ್ಪಿದರೂ ಇಡೀ ಮಾತು ನಗೆಪಾಟಲು. ಅರ್ಥವಾದರೆ ಸಾಕು, ಬಾಯಿಗೆ ತಾನಾಗಿ ಬಂದಾಗ ಬರಲಿ.

ಸ್ಲ್ಯಾಂಗ್, ಬೈಗುಳ?

ಸ್ಲ್ಯಾಂಗಿಗೆ ವಯಸ್ಸಿದೆ. "ಕೂಲ್" ದಶಕಗಳಿಂದ ಉಳಿದಿದೆ, "ಗ್ರೂವಿ" ಎಂದೋ ಹಳತಾಯಿತು. ಹದಿಹರೆಯದವರ ಈ ವರ್ಷದ ಪದವನ್ನು ನಲವತ್ತರವರು ಬಳಸಿದರೆ ಎಲ್ಲ ಭಾಷೆಯಲ್ಲೂ ಒಂದೇ ಫಲ. ನಮ್ಮ ಸಲಹೆ: ಒಂದು ಪದವನ್ನು ಮೂರು ಬೇರೆ ಬೇರೆ ಜನರ ಬಾಯಲ್ಲಿ ಕೇಳುವ ತನಕ ನಿಮ್ಮ ಬಾಯಿಗೆ ತರಬೇಡಿ.

ಬೈಗುಳದ ತೂಕ ಪರಭಾಷೆಯಲ್ಲಿ ನಮಗೆ ತಟ್ಟುವುದಿಲ್ಲ, ಅದೇ ಅಪಾಯ. ಕನ್ನಡದಲ್ಲಿ ನಾಲಗೆ ಕಚ್ಚಿಕೊಳ್ಳುವಂಥ ಮಾತು ಇಂಗ್ಲಿಷಿನಲ್ಲಿ ಹಗುರಾಗಿ ಬಂದುಬಿಡುತ್ತದೆ. ಕೇಳಿದರೆ ಗೊತ್ತಾಗಬೇಕು, ಆಡಬೇಕಾಗಿಲ್ಲ.

ಚಾಟ್‌ನ ಸಂಕ್ಷಿಪ್ತ ರೂಪಗಳು ಭಾಷೆ ಕೆಡಿಸುತ್ತವೆಯೇ?

ಇವು ನೀವು ತಿಳಿದಷ್ಟು ಹೊಸವಲ್ಲ. "ಓಕೆ" ಹುಟ್ಟಿದ್ದೇ ಹಾಗೆ, 1839ರಲ್ಲಿ ಬಾಸ್ಟನ್ನಿನ ಪತ್ರಿಕೆಯೊಂದರ ತಮಾಷೆಯ ತಪ್ಪು ಕಾಗುಣಿತದಿಂದ. "ಓಎಂಜಿ" (ಓ ಮೈ ಗಾಡ್) 1917ರಷ್ಟು ಹಿಂದೆಯೇ ಚರ್ಚಿಲ್‌ಗೆ ಬರೆದ ಒಂದು ಪತ್ರದಲ್ಲಿದೆ, ಬರೆದವರು ನೌಕಾಪಡೆಯ ಅಡ್ಮಿರಲ್ ಫಿಶರ್. ಬಿಆರ್‌ಬಿ ಎಂದರೆ ಈಗ ಬಂದೆ, ಐಡಿಕೆ ಎಂದರೆ ಗೊತ್ತಿಲ್ಲ, ಟಿಬಿಎಚ್ ಎಂದರೆ ನಿಜ ಹೇಳಬೇಕೆಂದರೆ. ಎಫ್‌ವೈಐ ಬಗ್ಗೆ ಎಚ್ಚರ: "ನಿಮ್ಮ ಗಮನಕ್ಕೆ" ಎಂಬ ಅದು ಕೆಲವೊಮ್ಮೆ ಚುಚ್ಚುವಂತೆ ಕೇಳುತ್ತದೆ.

ಕಲಿತದ್ದು ವಾರದಲ್ಲಿ ಮರೆತುಹೋಗುತ್ತದೆ. ಏನು ಮಾಡಲಿ?

ಮರೆಯುವುದು ಸಹಜ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ತೋರಿಸಿದ್ದು ಅದನ್ನೇ: ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿದರೆ ಮೊದಲ ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚು ಸೋರಿಹೋಗುತ್ತದೆ. ಮರೆಯುವ ಅಂಚಿನಲ್ಲಿ ಮತ್ತೆ ನೆನಪಿಸಿಕೊಂಡರೆ ಸೋರಿಕೆ ನಿಧಾನವಾಗುತ್ತದೆ.

ಕಾಗದದ ಚೀಟಿಗಳಲ್ಲೇ ಮಾಡಬಹುದು. ಐದು ಖಾನೆಯ ಒಂದು ಡಬ್ಬ ಇರಲಿ. ಹೊಸ ಚೀಟಿ ಮೊದಲ ಖಾನೆಗೆ. ಮೊದಲನೆಯದನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ ತೆಗೆಯಿರಿ. ಸರಿಯಾದರೆ ಮುಂದಿನ ಖಾನೆಗೆ ಬಡ್ತಿ, ತಪ್ಪಿದರೆ ಎಲ್ಲಿದ್ದರೂ ಮೊದಲ ಖಾನೆಗೆ. ಫೋನಿನಲ್ಲಾದರೆ ಆಂಕಿ ಆ್ಯಪ್ ಇದೇ ಕೆಲಸವನ್ನು ತಾನೇ ಲೆಕ್ಕ ಹಾಕಿ ಮಾಡುತ್ತದೆ.

ಚೀಟಿ ಕೆಡುವುದು ಬರೆಯುವ ರೀತಿಯಲ್ಲಿ. ಒಂದು ಕಡೆ "ಪುಟ್ ಆಫ್", ಇನ್ನೊಂದು ಕಡೆ "ಮುಂದೂಡು" ಎಂದು ಬರೆದರೆ ನೋಡಿದಾಗ ಗುರುತು ಸಿಗುತ್ತದೆ, ಮಾತಾಡುವಾಗ ಬಾಯಿಗೆ ಬರುವುದಿಲ್ಲ. ಹೀಗೆ ಬರೆಯಿರಿ: ಮುಂದೆ, "ಮೀಟಿಂಗ್ ಮುಂದಿನ ವಾರಕ್ಕೆ ಹಾಕೋಣ" ಎಂಬ ಕನ್ನಡ ವಾಕ್ಯ, ಅದರ ಕೆಳಗೆ ಜಾಗ ಬಿಟ್ಟ ಇಂಗ್ಲಿಷ್ ವಾಕ್ಯ, "ಲೆಟ್ಸ್ ಪುಟ್ ದ ಮೀಟಿಂಗ್" ಆದಮೇಲೆ ಒಂದು ಗೆರೆ, ಆಮೇಲೆ "ಟಿಲ್ ನೆಕ್ಸ್ಟ್ ವೀಕ್". ಹಿಂದೆ, "ಆಫ್" ಮಾತ್ರ. ಒಂದು ಚೀಟಿಗೆ ಒಂದೇ ಪ್ರಶ್ನೆ. ವಾಕ್ಯ ನಿಮ್ಮ ಬದುಕಿನದ್ದೇ ಆಗಿರಲಿ, ನಿಘಂಟಿನದ್ದಲ್ಲ.

ದಿನಕ್ಕೆ ಹೊಸವು 5ರಿಂದ 8 ಸಾಕು. ಹುರುಪಿನಲ್ಲಿ 20 ಹಾಕಿದರೆ ಕೆಲವೇ ವಾರಗಳಲ್ಲಿ ದಿನಕ್ಕೆ 150ರಿಂದ 200 ಹಳೆಯ ಚೀಟಿ ನೋಡುವ ಸ್ಥಿತಿ ಬರುತ್ತದೆ. ಬಹಳ ಜನ ಬಿಟ್ಟುಬಿಡುವುದು ಅಲ್ಲೇ. ನಾಲ್ಕು ದಿನ ತಪ್ಪಿ ರಾಶಿ ಬಿದ್ದಿದ್ದರೆ ಹೊಸದನ್ನು ನಿಲ್ಲಿಸಿ, ಹಳೆಯದನ್ನು ದಿನಕ್ಕೆ 40ರಂತೆ ಕರಗಿಸಿ. ಒಂದೇ ಚೀಟಿ ಎಂಟು ಸಲ ತಪ್ಪಿದರೆ ನಿಮ್ಮದಲ್ಲ, ಚೀಟಿಯದೇ ದೋಷ. ಹರಿದು ಬೇರೆ ವಾಕ್ಯ ಬರೆಯಿರಿ. ಆಂಕಿ ಕೂಡ ಮಾಮೂಲಾಗಿ ಎಂಟು ಸಲ ತಪ್ಪಿದ್ದಕ್ಕೆ ಗುರುತು ಹಾಕುತ್ತದೆ.

ಸಿನಿಮಾ, ಸರಣಿ ನೋಡಿದರೆ ಬರುತ್ತದೆಯೇ?

ಸುಮ್ಮನೆ ನೋಡಿದರೆ ಕಥೆ ಬರುತ್ತದೆ, ಭಾಷೆ ಅಷ್ಟಾಗಿ ಬರುವುದಿಲ್ಲ. ಮನೆಯೊಳಗೆ, ಆಫೀಸಿನಲ್ಲಿ ನಡೆಯುವ ಹಾಸ್ಯ ಸರಣಿ ಆರಿಸಿಕೊಳ್ಳಿ. ಕೋರ್ಟು, ಆಸ್ಪತ್ರೆ, ರಾಜರ ಕಥೆ ಬೇಡ. ಎರಡು ನಿಮಿಷದ ತುಣುಕು ಸಾಕು. ಮೊದಲು ಅಡಿಬರಹ ಇಲ್ಲದೆ ನೋಡಿ, ಏನು ಕೇಳಿತೋ ಬರೆದುಕೊಳ್ಳಿ. ಆಮೇಲೆ ಇಂಗ್ಲಿಷ್ ಅಡಿಬರಹ ಹಾಕಿ ತಾಳೆ ನೋಡಿ. ಓದಿದರೆ ಗೊತ್ತು, ಕೇಳಿದರೆ ಗೊತ್ತಾಗಲಿಲ್ಲ ಎನ್ನುವ ಕಡೆ ಗುರುತು ಹಾಕಿ, ನಿಮಗೆ ಬೇಕಾದ ಪಾಠ ಅಲ್ಲೇ ಇದೆ. ಅಂಥ ಒಂದು ವಾಕ್ಯವನ್ನು ಆಡಿದವರ ಹಿಂದೆಯೇ, ಅವರದೇ ಏರಿಳಿತದಲ್ಲಿ ಹತ್ತು ಸಲ ಹೇಳಿ. ಕನ್ನಡ ಅಡಿಬರಹ ಹಾಕಿಕೊಂಡರೆ ಕಣ್ಣು ಓದುತ್ತದೆ, ಕಿವಿ ಮಲಗುತ್ತದೆ.

ಯಾವ ನಿಘಂಟು ಒಳ್ಳೆಯದು?

ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು. ಲಾಂಗ್‌ಮನ್ ನಿಘಂಟು ಸುಮಾರು 2000 ಸರಳ ಪದಗಳಲ್ಲೇ ಎಲ್ಲ ಅರ್ಥ ಹೇಳುತ್ತದೆ. ಅದರಲ್ಲಿ ಪದದ ಪಕ್ಕ "ಎಸ್1" ಎಂದಿದ್ದರೆ ಮಾತಿನಲ್ಲಿ ಅತಿ ಹೆಚ್ಚು ಬಳಕೆಯ ಮೊದಲ 1000 ಪದಗಳಲ್ಲಿ ಅದೂ ಒಂದು. "ಎಸ್2", "ಎಸ್3" ಮುಂದಿನ ಸಾವಿರಗಳು. "ಡಬ್ಲ್ಯೂ" ಗುರುತು ಬರಹಕ್ಕೆ. ಯಾವ ಗುರುತೂ ಇಲ್ಲದ ಪದ ಸದ್ಯಕ್ಕೆ ನಿಮಗೆ ಬೇಡ. "ಇನ್‌ಫಾರ್ಮಲ್", "ಓಲ್ಡ್ ಫ್ಯಾಷನ್ಡ್", "ಟ್ಯಾಬೂ" ಎಂಬ ಸೂಚನೆಗಳನ್ನು ಅರ್ಥಕ್ಕಿಂತ ಮೊದಲು ಓದಿ.

ಬ್ರಿಟಿಷ್ ಕಲಿಯಲೋ, ಅಮೆರಿಕನ್ ಕಲಿಯಲೋ?

ದಿನವೂ ಯಾರ ಜೊತೆ ಮಾತಾಡುತ್ತೀರೋ ಅದನ್ನು. ಅರ್ಥ ಎರಡರದ್ದೂ ಗೊತ್ತಿರಲಿ. "ಕ್ವೈಟ್ ಗುಡ್" ಅಮೆರಿಕನ್ನರ ಬಾಯಲ್ಲಿ ತುಂಬಾ ಚೆನ್ನಾಗಿದೆ, ಬ್ರಿಟಿಷರ ಬಾಯಲ್ಲಿ ಬಹಳ ಸಲ "ಪರವಾಗಿಲ್ಲ" ಅಷ್ಟೇ. "ಪ್ಯಾಂಟ್ಸ್" ಬ್ರಿಟನ್ನಿನಲ್ಲಿ ಒಳಉಡುಪು.

ಮಾತಾಡಲು ಜೊತೆಗೆ ಯಾರೂ ಇಲ್ಲದಿದ್ದರೆ?

ಫೋನಿನ ರೆಕಾರ್ಡರ್ ಸಾಕು. ಇವತ್ತು ನಡೆದ ಒಂದು ಸಂಗತಿಯನ್ನು ಒಂದು ನಿಮಿಷ ಹೇಳಿ, ನಿಲ್ಲಿಸದೆ. ಕೇಳಿಸಿಕೊಂಡು, ಕನ್ನಡದಲ್ಲಾದರೆ ಏನೋ ಹೇಳುತ್ತಿದ್ದೆ, ಇಂಗ್ಲಿಷಿನಲ್ಲಿ ಸಿಗಲಿಲ್ಲ ಎನಿಸಿದ ಎರಡು ಜಾಗ ಗುರುತಿಸಿ. ಅವೆರಡನ್ನೇ ಹುಡುಕಿ, ಅದೇ ಕಥೆಯನ್ನು ಮತ್ತೊಮ್ಮೆ ಹೇಳಿ. ಸಿಕ್ಕ ಆ ಎರಡು ಮಾತೇ ನಾಳೆಯ ಚೀಟಿಗಳು. ರೆಕಾರ್ಡಿಂಗ್ ಅಳಿಸಬೇಡಿ, ಮೂರು ತಿಂಗಳ ನಂತರ ಅದೇ ಸಂಗತಿಯನ್ನು ಇನ್ನೊಮ್ಮೆ ಹೇಳಿ, ಎರಡನ್ನೂ ಒಟ್ಟಿಗೆ ಕೇಳಿ.